ಬಿಳಿ ಎಲ್ಲಿಂದ ಹತ್ತಿತು?

ಉಮ್ಮತ್ತೂರಿನಲ್ಲಿ ಹವಳ ಕಾಣದ ಹೆಂಗಸರಿಲ್ಲ, ಸಮುದ್ರ ಕಂಡವರು ಮಾತ್ರ ಕಮ್ಮಿ. ತಾಳಿಯ ಕರಿಮಣಿ ನಡುವೆ ಎರಡು ಕೆಂಪು ಮಣಿ ಪೋಣಿಸಿರುತ್ತಾರೆ. ಜಾತಕದಲ್ಲಿ ಕುಜ ಕೆಟ್ಟು ಕೂತಿದ್ದಾನೆಂದು ಯಾರಾದರೂ ಹೇಳಿದರೆ ಬೆರಳಿಗೂ ಒಂದು ಬರುತ್ತದೆ. ಮಿಕ್ಕಂತೆ ನಮಗೂ ಕಡಲಿಗೂ ಇರುವ ಸಂಬಂಧ ಐಸ್ ಪೆಟ್ಟಿಗೆಯಲ್ಲಿ ಬರುವ ಬೂತಾಯಿ ಮೀನಿನದು. ಗುಂಡ್ಲುಪೇಟೆ, ಬಂಡೀಪುರ ದಾಟಿ ವಯನಾಡಿನ ಘಾಟಿ ಇಳಿದರೆ ಕೋಳಿಕ್ಕೋಡಿನಲ್ಲಿ ಸಮುದ್ರ ಸಿಗುತ್ತದೆ, ನಿಜ. ಆದರೆ ಅತ್ತ ಕಡೆಯಿಂದ ಬರುವ ಮಳೆ ಮೋಡವೂ ಘಾಟಿಯಲ್ಲೇ ಖಾಲಿಯಾಗಿ ನಮ್ಮ ತಲೆಯ ಮೇಲೆ ಬರಿಗೈಯಲ್ಲಿ ಹಾದುಹೋಗುವ ಸೀಮೆ ಇದು. ಇಂಥ ಊರಿನಲ್ಲಿ ಕೂತು ನಾನು ಹವಳದ ಕಾಯಿಲೆ ನೋಡುತ್ತೇನೆ ಅಂದರೆ ಅರಳಿಕಟ್ಟೆಯವರು ನಗುತ್ತಾರೆ. ನಗಲಿ.

ರೋಗಿ ಇರುವುದು ಟೆಕ್ಸಸ್‌ನಲ್ಲಿ. ನನ್ನ ತಂಗಿಯ ಮಗ ಡಾಲಸ್ ಪಕ್ಕದ ಊರೊಂದರಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ನಾನೂರು ಲೀಟರಿನ ಗಾಜಿನ ತೊಟ್ಟಿಯನ್ನು ಮನೆಯ ಹಾಲಿನಲ್ಲೇ ಇಟ್ಟುಕೊಂಡು, ಪುಡಿ ಉಪ್ಪು ಕಲಸಿ ಸಮುದ್ರ ಮಾಡಿ, ಅದರೊಳಗೆ ಜೀವಂತ ಹವಳ ಸಾಕುತ್ತಾನೆ. ನಮಗೆ ಬೆಳಗಿನ ಕಾಫಿ ಆಗುವ ಹೊತ್ತಿಗೆ ಅವನಿಗೆ ರಾತ್ರಿ ಊಟ ಮುಗಿದಿರುತ್ತದೆ. ಆಗ ವಿಡಿಯೋ ಕಾಲ್ ಬರುತ್ತದೆ. ಮುಖ ತೋರಿಸುವುದಿಲ್ಲ, ಕ್ಷೇಮ ಸಮಾಚಾರವಿಲ್ಲ. ನೇರ ತೊಟ್ಟಿಗೆ ಫೋನ್ ಹಿಡಿದು, "ಮಾವ, ಒಂದ್ ಕೊಂಬೆ ಬೆಳ್ಳಗಾಗ್ಬುಟ್ಟದ, ಒಸಿ ನೋಡು" ಅನ್ನುತ್ತಾನೆ.

ನನ್ನನ್ನೇ ಯಾಕೆ ಕೇಳಬೇಕು? ನಾನು ರೇಷ್ಮೆ ಇಲಾಖೆಯಲ್ಲಿ ಪ್ರದರ್ಶಕನಾಗಿ ಸೇರಿ, ಸಂತೇಮರಹಳ್ಳಿ, ಕುದೇರು, ಉಮ್ಮತ್ತೂರಿನ ಸುತ್ತ ಹುಳ ಸಾಕುವ ಮನೆಗಳಿಗೆ ತಲೆ ಬಗ್ಗಿಸಿ ಹೊಕ್ಕು ಬಂದು ನಿವೃತ್ತನಾದವನು. ತಟ್ಟೆಯ ಮೇಲಿನ ಹುಳ ನೋಡಿ ಹಾಲು ರೋಗವೋ, ಸಪ್ಪೆ ರೋಗವೋ, ಸುಣ್ಣಕಟ್ಟೋ ಅಂತ ಹೇಳುವುದು ನನ್ನ ಅನ್ನದ ಕೆಲಸವಾಗಿತ್ತು. ಚಿಕ್ಕವನಿದ್ದಾಗ ರಜೆಗೆ ಬರುತ್ತಿದ್ದ ಅಳಿಯ ನನ್ನ ಸೈಕಲ್ಲಿನ ಹಿಂದೆ ಕೂತು ಈ ಮನೆಗಳನ್ನೆಲ್ಲ ನೋಡಿದ್ದಾನೆ. ಹವಳವೂ ಹುಳವೇ ಅಂತ ಅವನ ವಾದ. ವಾದ ತಪ್ಪೇನಲ್ಲ.

ನಮ್ಮ ಮನೆಯವಳು ಮೊದಲ ಸಲ ಫೋನಿನಲ್ಲಿ ಆ ತೊಟ್ಟಿ ನೋಡಿ, "ಇದು ಕಲ್ಲಾ, ಗಿಡವಾ, ಹುಳವಾ?" ಅಂದಳು. ಮೂರೂ ಹೌದು. ಕೊಂಬೆಯ ಮೇಲಿನ ಒಂದೊಂದು ಚುಕ್ಕಿಯೂ ಒಂದು ಪ್ರಾಣಿ, ಬಾಯಿ ಮತ್ತು ಬಾಯಿ ಸುತ್ತ ಸಣ್ಣ ಬೆರಳುಗಳಿರುವ ಪ್ರಾಣಿ. ಅದು ತನ್ನ ಅಡಿಯಲ್ಲಿ ಸುಣ್ಣದ ಎಲುಬು ಕಟ್ಟುತ್ತಾ ಹೋಗುತ್ತದೆ, ಅದು ಕಲ್ಲು. ಅದರ ಮಾಂಸದೊಳಗೆ ಕಣ್ಣಿಗೆ ಕಾಣದ ಪಾಚಿ ಲಕ್ಷಗಟ್ಟಲೆ ಬಾಡಿಗೆಗಿರುತ್ತದೆ, ಅದು ಗಿಡ. ಪಾಚಿ ಬೆಳಕಿನಲ್ಲಿ ಸಕ್ಕರೆ ಮಾಡಿ ಹೆಚ್ಚಿನ ಪಾಲನ್ನು ಮನೆಯ ಯಜಮಾನನಿಗೆ ಕೊಡುತ್ತದೆ. ಯಜಮಾನ ತನ್ನ ಕಶ್ಮಲವನ್ನು ಅದಕ್ಕೆ ಗೊಬ್ಬರವಾಗಿ ಕೊಡುತ್ತಾನೆ. ಹವಳದ ಮೈಯ ಕಂದು ಬಣ್ಣ ಈ ಬಾಡಿಗೆದಾರರದು. ಇಷ್ಟು ತಿಳಿದರೆ ಅರ್ಧ ವೈದ್ಯ ಕಲಿತ ಹಾಗೆ. ಯಾಕೆಂದರೆ ಹವಳದ ತೊಟ್ಟಿಯ ತಾಪತ್ರಯ ಬಹುಪಾಲು ಪಾಚಿಯ ಲೆಕ್ಕದಲ್ಲಿದೆ: ಒಳಗಿರಬೇಕಾದ ಪಾಚಿ ಹೊರಗೆ ಹೋದರೆ ಒಂದು ಕಾಯಿಲೆ, ಹೊರಗಿರಬಾರದ ಪಾಚಿ ಹುಟ್ಟಿಕೊಂಡರೆ ಇನ್ನೊಂದು.

ಬೆಳ್ಳಗಾಗುವುದರಲ್ಲಿ ಎರಡು ಬಗೆಯಿದೆ, ಎರಡನ್ನೂ ಒಂದೇ ಅಂದುಕೊಂಡವನು ಬದುಕಿರುವುದನ್ನು ಎಸೆದು ಸತ್ತದ್ದಕ್ಕೆ ಔಷಧಿ ಹಾಕುತ್ತಾನೆ. ನೀರು ಕಾದರೆ, ಬೆಳಕು ತಟ್ಟನೆ ಹೆಚ್ಚಿದರೆ ಬಾಡಿಗೆದಾರರು ಮನೆ ಬಿಡುತ್ತಾರೆ. ಮಾಂಸ ಹಾಗೇ ಇರುತ್ತದೆ. ಆದರೆ ಬಣ್ಣವಿಲ್ಲದ್ದರಿಂದ ಒಳಗಿನ ಎಲುಬಿನ ಬಿಳುಪು ಎದ್ದು ಕಾಣುತ್ತದೆ. ಹತ್ತಿರದಿಂದ ನೋಡಿದರೆ ತೆಳು ಪೊರೆ, ರಾತ್ರಿ ಬೆರಳು ಚಾಚುವುದು ಎಲ್ಲ ಕಾಣುತ್ತದೆ. ಇದು ಹಸಿದಿದೆ, ಸತ್ತಿಲ್ಲ. ಬೆಳಕು ತಗ್ಗಿಸಿ, ಸ್ವಲ್ಪ ಮೇವು ಹಾಕಿ ಕಾದರೆ ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲಿ ಬಣ್ಣ ತಿರುಗಬಹುದು. ಇನ್ನೊಂದು ಬಗೆಯಲ್ಲಿ ಮಾಂಸವೇ ಕಳಚಿ ಬೀಳುತ್ತದೆ, ಬರೀ ಎಲುಬು ಉಳಿಯುತ್ತದೆ. ಅಲ್ಲಿ ಪೊರೆಯಿಲ್ಲ, ಬಾಯಿಯಿಲ್ಲ. ಅನುಮಾನವಿದ್ದರೆ ಕೆಲವು ದಿನ ಬಿಡಬೇಕು. ಬದುಕಿರುವ ಮಾಂಸದ ಮೇಲೆ ಪಾಚಿ ಸಾಮಾನ್ಯವಾಗಿ ಕೂರಲಾರದು, ಬರೀ ಎಲುಬಿನ ಮೇಲೆ ಹಸಿರು ಹತ್ತಿಯೇ ಹತ್ತುತ್ತದೆ.

ಹಾಗಾಗಿ ಅಳಿಯ "ಬೆಳ್ಳಗಾಗ್ಬುಟ್ಟದ" ಅಂದಾಗ ನಾನು ಕೇಳುವ ಮೊದಲ ಪ್ರಶ್ನೆ, ಎಲ್ಲಿಂದ ಹತ್ತಿತು? ದೀಪದ ಕಡೆಗೆ ಮುಖ ಮಾಡಿದ ಮೇಲ್ಮೈ ಮಾತ್ರ ಬೆಳ್ಳಗಾಗಿ ನೆರಳಿನ ಭಾಗ ಕಂದಾಗಿಯೇ ಇದ್ದರೆ ಕಳ್ಳ ದೀಪ. ಬುಡದಿಂದ ಮೇಲಕ್ಕೆ ನಿಧಾನಕ್ಕೆ ಏರುತ್ತಿದ್ದರೆ ಮೊದಲು ನೀರಿನ ಕ್ಷಾರ ನೋಡಬೇಕು, ಆಮೇಲೆ ಆ ಮೂಲೆಯಲ್ಲಿ ನೀರು ಓಡಾಡುತ್ತಿದೆಯೇ ಅಂತ. ತುದಿಗಳು ಮಾತ್ರ ಸುಟ್ಟಂತಾಗಿದ್ದರೆ ಕ್ಷಾರ ಜಾಸ್ತಿ, ಗೊಬ್ಬರ ಕಮ್ಮಿ. ಎಲುಬು ಓಡುತ್ತಿದೆ, ಮಾಂಸಕ್ಕೆ ಅದರ ಜೊತೆ ಓಡಲು ತ್ರಾಣವಿಲ್ಲ. ಒಂದೇ ಒಂದು ಹವಳ ಸೊರಗಿ ಪಕ್ಕದವೆಲ್ಲ ಚೆನ್ನಾಗಿದ್ದರೆ ನೀರನ್ನು ಬೈಯುವುದು ಬಿಟ್ಟು ಕಚ್ಚುವವರನ್ನು ಹುಡುಕಬೇಕು. ಅಕ್ರೊಪೊರಾ ಜಾತಿಯನ್ನೇ ತಿನ್ನುವ ಚಪ್ಪಟೆ ಹುಳವೊಂದಿದೆ. ಅದು ಹವಳದ ಬಣ್ಣದಲ್ಲೇ ಇದ್ದು, ತಿಂದ ಜಾಗದಲ್ಲಿ ಸಣ್ಣ ದುಂಡು ಮಚ್ಚೆ ಬಿಡುತ್ತದೆ. ಪಿಚಕಾರಿಯಲ್ಲಿ ನೀರು ಚಿಮ್ಮಿಸಿದರೆ ಉದುರುತ್ತದೆ. ಎಲ್ಲ ಹವಳವೂ ಒಟ್ಟಿಗೆ ಮುದುಡಿದ್ದರೆ ತೊಟ್ಟಿಯ ನೀರಿಗೇ ಏನೋ ಆಗಿದೆ.

ಎರಡನೆಯ ಪ್ರಶ್ನೆ, ಯಾವಾಗ? ಇದಕ್ಕೆ ಅವನು ಯಾವಾಗಲೂ "ನೆನ್ನೆಯಿಂದ ಮಾವ" ಅಂತಲೇ ಉತ್ತರ ಕೊಡುವುದು. "ನೆನ್ನೆ ನೀನು ಕಂಡೆ ಅನ್ನು. ಆಗಿದ್ದು ಯಾವತ್ತೋ." ಇದು ಹುಳದ ಮನೆಯ ಪಾಠ. ಸುಣ್ಣಕಟ್ಟು ರೋಗದಲ್ಲಿ ಹುಳ ಸತ್ತು ಗಟ್ಟಿಯಾಗಿ, ಮೈಮೇಲೆ ಬಿಳಿ ಪುಡಿ ಕೂತ ಮೇಲೆ ಮನೆಯವರು ಹೌಹಾರಿ ಓಡಿ ಬರುತ್ತಾರೆ. ಆದರೆ ಬೂಷ್ಟಿನ ಬೀಜ ಮೈಗೆ ತಾಕಿ ಆಗಲೇ ದಿನಗಳಾಗಿರುತ್ತವೆ. ಇಟಲಿಯ ಅಗೊಸ್ಟಿನೊ ಬಾಸ್ಸಿ ಎಂಬಾತ ವರ್ಷಗಟ್ಟಲೆ ಇದರ ಬೆನ್ನು ಹತ್ತಿ, ಕಣ್ಣಿಗೆ ಕಾಣದ ಒಂದು ಜೀವದಿಂದಲೇ ಹುಳಕ್ಕೆ ಈ ರೋಗ ಬರುತ್ತದೆ ಅಂತ 1835ರಲ್ಲಿ ತೋರಿಸಿಕೊಟ್ಟ. ಮನುಷ್ಯರ ರೋಗಕ್ಕೆ ಸೂಕ್ಷ್ಮಾಣು ಕಾರಣ ಅಂತ ವೈದ್ಯರು ಒಪ್ಪುವುದಕ್ಕೆ ಎಷ್ಟೋ ಮುಂಚೆ ರೇಷ್ಮೆ ಹುಳದ ವಿಷಯದಲ್ಲಿ ಅದು ಇತ್ಯರ್ಥವಾಗಿತ್ತು. ನಮ್ಮ ಹುಳಕ್ಕೆ ಇಂಥದೊಂದು ಪಟ್ಟವಿದೆ ಅಂತ ಅದನ್ನು ಸಾಕುವವರಿಗೆ ಯಾರೂ ಹೇಳುವುದಿಲ್ಲ. ನಾನು ಹೇಳುತ್ತಿದ್ದೆ, ಅವರು ಸೊಪ್ಪಿನ ರೇಟು ಕೇಳುತ್ತಿದ್ದರು.

ಹವಳದಲ್ಲಿ ಈ ತಡ ಇನ್ನೂ ಉದ್ದ. ಇವತ್ತು ಉದುರಿದ ಮಾಂಸಕ್ಕೆ ಕಾರಣ ಮೂರು ವಾರದ ಹಿಂದೆ ನಡೆದಿರಬಹುದು. ಅದಕ್ಕೇ ಅವನಿಗೆ ಒಂದು ಪುಸ್ತಕ ಇಡಿಸಿದ್ದೇನೆ. ಫೋನಿನಲ್ಲಲ್ಲ, ಅಂಗಡಿಯವರು ಸಾಲ ಬರೆಯುವಂಥ ಉದ್ದನೆಯ ಪುಸ್ತಕ. ಉಷ್ಣಾಂಶ 25ರಿಂದ 26 ಡಿಗ್ರಿ. ಉಪ್ಪು ಸಾವಿರಕ್ಕೆ 35. ಕ್ಯಾಲ್ಸಿಯಂ ಲೀಟರಿಗೆ 420 ಮಿಲಿಗ್ರಾಂ ಸುತ್ತ, ಮೆಗ್ನೀಸಿಯಂ 1,300ರ ಸುತ್ತ. ಕ್ಷಾರವನ್ನು ಅವರು ಜರ್ಮನ್ ಅಳತೆಯಲ್ಲಿ ಬರೆಯುತ್ತಾರೆ. ಸಮುದ್ರದಲ್ಲಿ ಅದು 7ರ ಆಸುಪಾಸು, ತೊಟ್ಟಿಯವರು 8, 9ರಲ್ಲಿ ಇಡುತ್ತಾರೆ. ಈ ಅಂಕಿಗಳನ್ನು ಬಾಯಿಪಾಠ ಮಾಡಿದವರು ಬೇಕಾದಷ್ಟು ಜನ. ನನ್ನ ಕಣ್ಣು ಹೋಗುವುದು ಅಂಕಿಯ ಮೇಲಲ್ಲ, ಹೋದ ವಾರಕ್ಕೂ ಈ ವಾರಕ್ಕೂ ಇರುವ ಅಂತರದ ಮೇಲೆ. ಏಳರಲ್ಲಿ ನೆಟ್ಟಗೆ ನಿಂತ ತೊಟ್ಟಿಯಲ್ಲಿ ಹವಳ ಬಾಳುತ್ತದೆ, ಒಂಬತ್ತರಲ್ಲಿ ನಿಂತದ್ದರಲ್ಲೂ ಬಾಳುತ್ತದೆ. ಸೋಮವಾರ ಏಳು, ಗುರುವಾರ ಹತ್ತು ಅಂತ ಹಾರಾಡುವ ತೊಟ್ಟಿಯಲ್ಲಿ ಬುಡ ಬಿಡುತ್ತದೆ. ಕಮ್ಮಿಯಾಗಿದೆ ಅಂತ ಗಾಬರಿಯಿಂದ ಒಂದೇ ರಾತ್ರಿ ಸರಿ ಮಾಡಲು ಹೋದದ್ದೇ ಎಷ್ಟೋ ಸಲ ಸಾವಿಗೆ ಕಾರಣ.

ಇನ್ನೊಂದು ತೊಡಕು ದೀಪದ್ದು. ಹವಳ ಸಾಕುವವರಿಗೆ ನೀಲಿ ಬೆಳಕಿನ ಹುಚ್ಚು. ಆ ಬೆಳಕಿನಲ್ಲಿ ಹವಳ ತಾನೇ ಹೊತ್ತಿಕೊಂಡು ಉರಿಯುವ ಹಸಿರು, ಕಿತ್ತಳೆ ಬಣ್ಣ ಬಿಡುತ್ತದೆ. ನೋಡಲು ಚಂದ, ಕಾಯಿಲೆ ಹುಡುಕಲು ಉಪಯೋಗವಿಲ್ಲ. ಫೋನಿನ ಕ್ಯಾಮೆರಾದಲ್ಲಂತೂ ಸತ್ತದ್ದೂ ನೀಲಿ, ಬದುಕಿದ್ದೂ ನೀಲಿ. "ಬಿಳೀ ದೀಪ ಹಾಕು, ಇಲ್ಲಾಂದ್ರೆ ಫೋನ್ ಇಡು" ಅಂತ ಗದರಿಸಬೇಕು. ರಾತ್ರಿ ದೀಪವೆಲ್ಲ ಆರಿದ ಮೇಲೆ ಒಮ್ಮೆ ಕೆಂಪು ಟಾರ್ಚ್ ಬಿಟ್ಟು ನೋಡು ಅಂತಲೂ ಹೇಳಿದ್ದೇನೆ. ಕಚ್ಚುವ ಹುಳ, ಏಡಿ ಎಲ್ಲ ಹೊರಬರುವುದು ಆಗ. ಕೆಂಪು ಬೆಳಕು ಅವಕ್ಕೆ ಅಷ್ಟಾಗಿ ಗೊತ್ತಾಗುವುದಿಲ್ಲ.

ಪಾಚಿಯ ಕಥೆ ದೊಡ್ಡದು. ಅವನ ತೊಟ್ಟಿಗೆ ಮೊದಲ ವಾರಗಳಲ್ಲಿ ಮರಳಿನ ಮೇಲೆ ಕಂದು ದೂಳು ಕೂತಿತು. ಅದು ಡಯಾಟಮ್, ನೀರಿನಲ್ಲಿರುವ ಮರಳಿನಂಶ ತಿಂದು ಬೆಳೆಯುವಂಥದು, ಹೊಸ ತೊಟ್ಟಿಗೆ ಬರುತ್ತದೆ, ತಾನೇ ಹೋಗುತ್ತದೆ. ಹೋಯಿತು. ಆಮೇಲೆ ಕಲ್ಲುಗಳ ಮೇಲೆ ಹಸಿರು ಕೂದಲು ಬೆಳೆಯಿತು. ಅವನು ಗಾಬರಿಯಾಗಿ ಫಾಸ್ಫೇಟ್ ಪರೀಕ್ಷೆ ಮಾಡಿದರೆ ಸೊನ್ನೆ. ನೈಟ್ರೇಟೂ ಸೊನ್ನೆಯ ಹತ್ತಿರ. "ಮೇವೇ ಇಲ್ದೆ ಪಾಚಿ ಹೆಂಗ್ ಬೆಳೀತದ ಮಾವ?" ಅಂತ ಕೇಳಿದ.

ಒಳ್ಳೆಯ ಪ್ರಶ್ನೆ. ಮೇವು ಇತ್ತು, ಪಾಚಿಯ ಹೊಟ್ಟೆಯಲ್ಲಿತ್ತು. ಮೀನಿಗೆ ಹಾಕಿದ ತಿಂಡಿಯಿಂದ, ಹಳೇ ಕಲ್ಲಿನಿಂದ ಜಿನುಗುವ ಫಾಸ್ಫೇಟನ್ನು ನೀರಿಗೆ ಬರುವ ಮುಂಚೆಯೇ ಪಾಚಿ ಕಬಳಿಸುತ್ತಿತ್ತು. ಪರೀಕ್ಷೆಯ ಸೀಸೆ ತೋರಿಸುವುದು ತಟ್ಟೆಯಲ್ಲಿ ಮಿಕ್ಕಿದ್ದನ್ನು, ತಿಂದದ್ದನ್ನಲ್ಲ. ನಮ್ಮ ಕಡೆಯ ಕೆರೆಗಳಿಗೆ ಹೊಲದ ಯೂರಿಯಾ, ಡಿಎಪಿ, ಬಟ್ಟೆ ಸೋಪಿನ ನೀರು ಹರಿದು ಬಂದು ದಡ ಹಸಿರಾಗುವುದೂ ಇದೇ ಲೆಕ್ಕ. ಮಾಡಬೇಕಾದದ್ದು ಬೇಜಾರಿನ ಕೆಲಸ: ಕೈಯಲ್ಲಿ ಕಿತ್ತು ಹೊರಗೆ ಹಾಕುವುದು, ತಿಂಡಿ ಕಮ್ಮಿ ಮಾಡುವುದು, ಪಾಚಿ ಮೇಯುವ ಬಸವನಹುಳು ಬಿಡುವುದು. ಕಿತ್ತ ಪಾಚಿಯ ಜೊತೆ ಅದು ತಿಂದ ಫಾಸ್ಫೇಟೂ ತೊಟ್ಟಿಯಿಂದ ಹೊರಗೆ ಹೋಗುತ್ತದೆ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ಎಂಬ ವಿಜ್ಞಾನಿ 1980ರ ದಶಕದಲ್ಲಿ ಇದನ್ನೇ ಉಪಾಯ ಮಾಡಿಕೊಂಡು, ಪಕ್ಕದ ತಟ್ಟೆಯೊಂದರಲ್ಲಿ ಬೇಕೆಂದೇ ಪಾಚಿ ಬೆಳೆಸಿ, ಕೊಯ್ದು ಕೊಯ್ದು ತೊಟ್ಟಿಯ ನೀರು ಚೊಕ್ಕ ಮಾಡಿದ.

ಅಳಿಯನಿಗೆ ಬೇಜಾರಿನ ಕೆಲಸ ಒಗ್ಗಲಿಲ್ಲ. ಫಾಸ್ಫೇಟ್ ಹೀರುವ ಕಬ್ಬಿಣದ ತುಕ್ಕಿನ ಹರಳು ಸಿಗುತ್ತದೆ. ಚೀಲ ತುಂಬ ತಂದು ಹಾಕಿದ. ಹಸಿರು ಕೂದಲು ಉದುರಿತು. ನನಗೆ ಫೋಟೋ ಕಳಿಸಿ ಬೀಗಿದ. ಹದಿನೈದು ದಿನ ಕಳೆದಿರಬಹುದು, ಇನ್ನೊಂದು ಫೋಟೋ ಬಂತು. ಮರಳ ಮೇಲೆ, ಹವಳದ ತುದಿಯ ಮೇಲೆ ಕಂದು ಲೋಳೆ ಎಳೆಎಳೆಯಾಗಿ ತೇಲುತ್ತಿದೆ, ಒಂದೊಂದು ಎಳೆಯ ತುದಿಗೂ ಗಾಳಿ ಗುಳ್ಳೆ. ಬಸವನಹುಳುಗಳು ಮಗುಚಿ ಬಿದ್ದಿವೆ. ಮತ್ತೆ ಡಯಾಟಮ್ ಬಂತು ಅಂತ ಅವನು ತೀರ್ಮಾನಿಸಿದ್ದ.

ನಾನು ರಾತ್ರಿ ಹೇಗಿರುತ್ತದೆ ಅಂತ ಕೇಳಿದೆ. ರಾತ್ರಿ ಮರಳು ಬೆಳ್ಳಗಿರುತ್ತದೆ, ಮಧ್ಯಾಹ್ನಕ್ಕೆ ಮತ್ತೆ ಲೋಳೆ ಅಂದ. ಅಲ್ಲಿಗೆ ಅದು ಡೈನೋಫ್ಲಾಜೆಲೇಟ್ ಅನ್ನುವುದು ಮುಕ್ಕಾಲು ಖಾತ್ರಿ. ಬಾಲ ಬಡಿದು ಈಜಬಲ್ಲ ಒಂಟಿ ಜೀವಕಣ ಅದು. ಅದರಲ್ಲಿ ಕೆಲವು ವಿಷ ಕಾರುತ್ತವೆ. ಹವಳದೊಳಗೆ ಬಾಡಿಗೆಗಿರುವ ಪಾಚಿಯೂ ಇದೇ ಕುಲದ್ದು, ದಾಯಾದಿ ಅನ್ನಿ. ಇದು ಹುಟ್ಟಿಕೊಳ್ಳುವುದು ನೀರು ಕೊಳಕಾದಾಗಲ್ಲ, ಅತಿಯಾಗಿ ಚೊಕ್ಕವಾದಾಗ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗೆ ಬಿದ್ದರೆ ಹಸಿರು ಪಾಚಿ, ಒಳ್ಳೆಯ ಬ್ಯಾಕ್ಟೀರಿಯಾ ಎಲ್ಲ ಉಪವಾಸ ಬಿದ್ದು ಜಾಗ ಖಾಲಿಯಾಗುತ್ತದೆ. ಏನೂ ಇಲ್ಲದಲ್ಲೂ ಬದುಕಬಲ್ಲದ್ದು ಬಂದು ಕೂರುತ್ತದೆ. ಅವನು ತೊಳೆದು ತೊಳೆದು ಇದಕ್ಕೆ ಮಣೆ ಹಾಕಿದ್ದ.

ಆದರೂ ಮುಕ್ಕಾಲು ಖಾತ್ರಿಯ ಮೇಲೆ ಮದ್ದು ಹೇಳುವುದು ನನ್ನ ಜಾಯಮಾನವಲ್ಲ. ಲೋಳೆಯನ್ನು ಸೀಸೆಗೆ ತುಂಬಿ ಚೆನ್ನಾಗಿ ಕುಲುಕಿಸಿ, ಕಾಫಿ ಸೋಸುವ ಕಾಗದದಲ್ಲಿ ಸೋಸಿ, ಸೋಸಿದ ನೀರನ್ನು ಬೆಳಕಿನಲ್ಲಿ ಇಡಿಸಿದೆ. ಗಂಟೆಯೊಳಗೆ ಮತ್ತೆ ಒಟ್ಟುಗೂಡಿ ಎಳೆ ಕಟ್ಟಿತು. ಬರೀ ಡಯಾಟಮ್ ಹೀಗೆ ಮಾಡುವುದಿಲ್ಲ. ಆಮೇಲೆ ಒಂದು ಸೂಕ್ಷ್ಮದರ್ಶಕ ಕೊಳ್ಳಲು ಹೇಳಿದೆ. ಖರ್ಚು ಯಾಕೆ ಅಂತ ಸೊಸೆಗೆ, ಅಂದರೆ ಅವನ ಹೆಂಡತಿಗೆ, ಅಸಮಾಧಾನ. ಅವಳಿಗೆ ಪಾಶ್ಚರನ ಕಥೆ ಹೇಳಬೇಕಾಯಿತು. 1865ರಲ್ಲಿ ಫ್ರಾನ್ಸಿನ ರೇಷ್ಮೆ ಸೀಮೆಯಲ್ಲಿ ಗಂಟು ರೋಗ ಬಂದು ಮನೆಮನೆಯ ಹುಳ ಸಾಯುತ್ತಿದ್ದಾಗ ಲೂಯಿ ಪಾಶ್ಚರ್ ಅಲ್ಲಿಗೆ ಹೋದ. ಅದುವರೆಗೆ ರೇಷ್ಮೆ ಹುಳವನ್ನು ಕೈಯಲ್ಲಿ ಹಿಡಿದವನೇ ಅಲ್ಲ. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಡಿ ನೋಡಿ, ರೋಗದ ಕಣವಿದ್ದರೆ ಅದರ ಮೊಟ್ಟೆಯನ್ನೆಲ್ಲ ಸುಡುವ ಕ್ರಮ ತಂದ. ಇವತ್ತಿಗೂ ನಮ್ಮ ಬಿತ್ತನೆ ಕೋಠಿಗಳಲ್ಲಿ ತಾಯಿ ಚಿಟ್ಟೆಯ ಪರೀಕ್ಷೆ ನಡೆಯುವುದು ಅದೇ ದಾರಿಯಲ್ಲಿ. ಕಣ್ಣಂದಾಜಿನಲ್ಲಿ ಗಂಟು ರೋಗ ಹೇಳುತ್ತೇನೆ ಅನ್ನುವವನನ್ನು ನಾನು ನಂಬಿದವನಲ್ಲ.

ಸೂಕ್ಷ್ಮದರ್ಶಕ ಬಂತು. ಒಂದು ತುದಿ ನೆಲಕ್ಕೆ ಊರಿದ ಹಾಗೆ ನಿಂತಲ್ಲೇ ಗಿರಗಿರ ಸುತ್ತುವ, ಎಳ್ಳಿನ ಆಕಾರದ ಕಣಗಳು ವಿಡಿಯೋದಲ್ಲಿ ಕಂಡವು. ಆಸ್ಟ್ರಿಯಾಪ್ಸಿಸ್. ಇದು ರಾತ್ರಿ ನೀರಿಗೆ ಎದ್ದು ತೇಲುವ ಜಾತಿ, ಆದ್ದರಿಂದ ನೀರನ್ನು ಅಲ್ಟ್ರಾವಯಲೆಟ್ ದೀಪದ ಕೊಳವೆಯಲ್ಲಿ ಹಾಯಿಸಿದರೆ ಸಾಯುತ್ತದೆ. ಮರಳಿನಲ್ಲೇ ಅಂಟಿಕೊಂಡಿರುವ ಆಂಫಿಡಿನಿಯಂ ಆಗಿದ್ದರೆ ಆ ದೀಪಕ್ಕೆ ದುಡ್ಡು ಸುರಿದದ್ದು ದಂಡವಾಗುತ್ತಿತ್ತು. ಕಬ್ಬಿಣದ ಹರಳು ತೆಗೆಸಿದೆ. ನೈಟ್ರೇಟ್ 5ಕ್ಕೆ, ಫಾಸ್ಫೇಟ್ 0.05ಕ್ಕೆ ನಿಧಾನವಾಗಿ ಏರಲಿ ಅಂತ ಮೀನಿಗೆ ತಿಂಡಿ ಹೆಚ್ಚು ಮಾಡಿಸಿದೆ. ಗೊಬ್ಬರ ಹಾಕಿ ಕಾಯಿಲೆ ವಾಸಿ ಮಾಡುವ ವೈದ್ಯ ಅವನ ಸ್ನೇಹಿತರಿಗೆ ವಿಚಿತ್ರವಾಗಿ ಕಂಡಿತಂತೆ. ಸ್ವಲ್ಪ ಹಸಿರು ಪಾಚಿ ಮತ್ತೆ ಕಲ್ಲಿನ ಮೇಲೆ ಕಾಣಿಸಿತು. ಈ ಸಲ ಅದನ್ನು ನೋಡಿ ಅವನಿಗೆ ಸಂತೋಷ.

ಮಿಕ್ಕ ಪಾಚಿಗಳ ವಿಷಯ ಅಷ್ಟು ಉದ್ದವಿಲ್ಲ. ಕಡುಗೆಂಪು ಹೊದಿಕೆ ಹಾಸಿ, ಎಳೆದರೆ ಹಾಳೆಯಾಗಿ ಕಿತ್ತು ಬರುವುದು ಪಾಚಿಯೇ ಅಲ್ಲ, ಸಯಾನೋಬ್ಯಾಕ್ಟೀರಿಯಾ. ನೀರು ನಿಂತ ಮೂಲೆಯಲ್ಲಿ ಬರುತ್ತದೆ. ಹಸಿರು ಗೋಲಿ ಆಕಾರದ ವಲೋನಿಯಾ ಎಷ್ಟು ದಪ್ಪವಿದ್ದರೂ ಒಂದೇ ಜೀವಕೋಶ. ಒಡೆಯದೆ ಹಾಗೇ ಕಿತ್ತು ತೆಗೆಯುವುದು ಲೇಸು. ಗಾಜಿನ ಮೇಲೆ ಗುಲಾಬಿ, ನೇರಳೆ ಬಣ್ಣದ ಗಟ್ಟಿ ಮಚ್ಚೆ ಕೂತರೆ ಅದನ್ನು ಉಜ್ಜಬೇಡ ಅಂತ ಹೇಳಿದ್ದೇನೆ. ಅದು ಸುಣ್ಣ ಕಟ್ಟುವ ಪಾಚಿ, ನೀರು ಹದಕ್ಕೆ ಬಂದದ್ದರ ಗುರುತು.

ಕಾಯಿಲೆಯಲ್ಲದ ಕಾಯಿಲೆಯೂ ಇದೆ. ಅಣಬೆ ಆಕಾರದ ಒಂದು ಮೆತ್ತನೆ ಹವಳ, ಸಾರ್ಕೋಫೈಟನ್ ಅಂತ ಅದರ ಹೆಸರು. ಇದ್ದಕ್ಕಿದ್ದಂತೆ ಬೆರಳೆಲ್ಲ ಒಳಗೆ ಎಳೆದುಕೊಂಡು, ಮೈ ಬಾಡಿ, ಮೇಲೆ ಮೇಣದ ಪೊರೆ ಕಟ್ಟಿ ವಾರಗಟ್ಟಲೆ ಕೂತುಬಿಡುತ್ತದೆ. ಸತ್ತಿತೆಂದು ಅಳಿಯ ಕೀಳಲು ಹೊರಟಿದ್ದ. "ಜ್ವರಕ್ಕೆ ಕೂತದ ಕನ, ಮುಟ್ಬೇಡ" ಅಂದೆ. ಹುಳ ಚರ್ಮ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಹುಳ ತಲೆ ಎತ್ತಿ, ಸೊಪ್ಪು ಬಿಟ್ಟು, ಅಲ್ಲಾಡದೆ ನಿಲ್ಲುತ್ತದೆ. ಆಗ ಸುಣ್ಣ ಎರಚಿ ಹಾಸಿಗೆ ಒಣಗಿಸಿ ಸುಮ್ಮನಿರಬೇಕು. ಸಾರ್ಕೋಫೈಟನ್ ಕೂಡ ಮೈಗೆ ಹತ್ತಿದ ಪಾಚಿ, ಕೊಳೆಯನ್ನು ಪೊರೆಯ ಸಮೇತ ಕಳಚಿ ಎದ್ದುಕೊಳ್ಳುತ್ತದೆ. ನೀರಿನ ಓಟ ಸ್ವಲ್ಪ ಜೋರು ಮಾಡಿದರೆ ಪೊರೆ ಬೇಗ ಹೋಗುತ್ತದೆ, ಅಷ್ಟೇ ಉಪಚಾರ.

ಹಾಗಂತ ಎಲ್ಲದಕ್ಕೂ ಕಾಯುವುದೇ ಮದ್ದಲ್ಲ. ಯುಫಿಲಿಯ ಜಾತಿಯ ಹವಳದ ಮೇಲೆ ಕಂದು ಅಂಬಲಿ ತೇಲತೊಡಗಿ ನಾತ ಬಂದರೆ ಆ ಗಳಿಗೆಯಲ್ಲೇ ಹೊರಗೆ ತೆಗೆದು, ಕೊಳೆತ ತಲೆ ಕತ್ತರಿಸಿ, ಉಳಿದದ್ದನ್ನು ಅಯೋಡಿನ್ ನೀರಿನಲ್ಲಿ ಅದ್ದಬೇಕು. ಬೆಳಗಾಗುವಷ್ಟರಲ್ಲಿ ಪಕ್ಕದ ತಲೆಗೂ ಹತ್ತಿರುತ್ತದೆ. ಅಕ್ರೊಪೊರಾದ ಮಾಂಸ ಗಂಟೆ ಲೆಕ್ಕದಲ್ಲಿ ಉದುರುತ್ತಿದ್ದರೆ ಕಾರಣ ಹುಡುಕುವುದು ಆಮೇಲೆ. ಮೊದಲು ಇನ್ನೂ ಚೆನ್ನಾಗಿರುವ ತುದಿಗಳನ್ನು ಕತ್ತರಿಸಿ ಬೇರೆ ಇಡಬೇಕು. ಹಾಲು ರೋಗದ ಹುಳ ತಟ್ಟೆಯ ಅಂಚಿಗೆ ಹತ್ತಿ ತಿರುಗುತ್ತಿರುವುದು ಕಂಡರೂ ಆರಿಸಿ ಹೊರಗೆ ಹಾಕದೆ ಕಾದವರ ಮನೆಯಲ್ಲಿ ಗೂಡು ಎದ್ದದ್ದನ್ನು ನಾನು ನೋಡಿಲ್ಲ.

2021ರ ಫೆಬ್ರವರಿಯಲ್ಲಿ ಹಿಮಗಾಳಿ ಬಡಿದು ಟೆಕ್ಸಸ್‌ನ ಲಕ್ಷಾಂತರ ಮನೆಗಳಿಗೆ ದಿನಗಟ್ಟಲೆ ಕರೆಂಟು ಹೋಯಿತು. ಆ ರಾತ್ರಿ ಅಳಿಯ ಮಾಡಿದ ಫೋನಿನಲ್ಲಿ ಮೊದಲ ಬಾರಿಗೆ ಅವನ ಮುಖ ಕಂಡಿತು, ಮಂಕಿ ಟೋಪಿ ಹಾಕಿಕೊಂಡಿದ್ದ. ಕರೆಂಟು ಹೋದರೆ ಏನು ಮಾಡಬೇಕು ಅಂತ ಅಮೆರಿಕದವನು ಉಮ್ಮತ್ತೂರಿನವನನ್ನು ಕೇಳುವ ಕಾಲ ಬಂತಲ್ಲ ಅಂತ ನನಗೆ ಒಳಗೊಳಗೇ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ. ತೊಟ್ಟಿಯಲ್ಲಿ ಚಳಿಗಿಂತ ಮುಂಚೆ ಕೊಲ್ಲುವುದು ಉಸಿರು ಕಟ್ಟುವುದು. ಕಾರಿನ ಬ್ಯಾಟರಿಗೆ ಸಣ್ಣ ಗಾಳಿ ಪಂಪು ಕಟ್ಟಿಸಿದೆ, ತೊಟ್ಟಿಗೆ ಕಂಬಳಿ ಸುತ್ತಿಸಿದೆ, ತಿಂಡಿ ಹಾಕಬೇಡ ಅಂದೆ. ಗ್ಯಾಸ್ ಒಲೆಯಲ್ಲಿ ನೀರು ಕಾಯಿಸಿ ಬಾಟಲಿಗೆ ತುಂಬಿ ತೇಲಿಬಿಡುವುದು ಅವನಿಗೇ ಹೊಳೆಯಿತು. ಕೆಲವು ಹವಳ ಹೋದವು, ಹೆಚ್ಚಿನವು ಉಳಿದವು.

ಈ ಹವ್ಯಾಸವನ್ನು ಇಲ್ಲಿ ಮಾಡುವ ಆಸೆ ನಮ್ಮ ನೆಂಟರಲ್ಲೊಬ್ಬ ಹುಡುಗನಿಗೂ ಬಂತು. ಮೈಸೂರಿನಲ್ಲಿ ಮನೆ, ಕೈಯಲ್ಲಿ ಕಾಸು. ನಾನು ಬೇಡ ಅಂದೆ. ದಿಬ್ಬ ಕಟ್ಟುವ ಕಲ್ಲು ಹವಳ, ಕರಿ ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆ ಎಲ್ಲವೂ 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಯಲ್ಲಿವೆ. ಹುಲಿ ಇರುವ ಪಟ್ಟಿ ಅದು. ನಮ್ಮ ಉಮ್ಮತ್ತೂರಿನ ಗುಡ್ಡದ ಕಡೆ ಓಡಾಡುವ ಕೃಷ್ಣಮೃಗವೂ ಅದರಲ್ಲೇ ಇದೆ. ಕೃಷ್ಣಮೃಗ ಕಟ್ಟಿ ಸಾಕಲು ಹೋಗುತ್ತೀಯಾ ಅಂತ ಕೇಳಿದೆ. ಅಮೆರಿಕದಲ್ಲಿ ತೊಟ್ಟಿಯಿಂದ ತೊಟ್ಟಿಗೆ ಕಡ್ಡಿ ಮುರಿದು ನೆಟ್ಟು ಬೆಳೆಸಿದ ಹವಳ ಅಂಗಡಿಯಲ್ಲಿ ಸಿಗುತ್ತದೆ, ಅಳಿಯ ತರುವುದು ಅದನ್ನೇ. ಇಲ್ಲಿ ಕದ್ದು ಮುಚ್ಚಿ ಮಾರುವ ತುಂಡು ಯಾವ ದಿಬ್ಬದಿಂದ ಕಿತ್ತದ್ದೋ. ಕಾನೂನು ಸರಿಯಾಗಿದೆ ಅಂತ ನನ್ನ ಅಭಿಪ್ರಾಯ. ನೋಡಲೇಬೇಕು ಅಂದರೆ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ನೀರಿಗೆ ಇಳಿದು ನೋಡಿ ಬರಲಿ.

ನೋಡುವುದಿದ್ದರೆ ಬೇಗ ನೋಡಬೇಕು, ಅದೂ ನಿಜ. ತೊಟ್ಟಿಯಲ್ಲಿ ಹೀಟರ್ ಕೆಟ್ಟು ಎರಡು ಡಿಗ್ರಿ ಏರಿದರೆ ಅಳಿಯ ತಂತಿ ಕಿತ್ತು ಫ್ಯಾನ್ ಹಾಕುತ್ತಾನೆ. ಕಡಲಿಗೆ ತಂತಿಯಿಲ್ಲ. ಬೇಸಿಗೆಯ ರೂಢಿ ಶಾಖಕ್ಕಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಸಾಕು, ಬಾಡಿಗೆದಾರರು ಹೊರಡುತ್ತಾರೆ. 1998ರಲ್ಲಿ ಲೋಕದ ಸಮುದ್ರಗಳಲ್ಲೆಲ್ಲ ಹೀಗಾಯಿತು, 2010ರಲ್ಲಿ, 2014ರಿಂದ 17ರವರೆಗೆ ಮತ್ತೆ ಆಯಿತು. 2024ರ ಏಪ್ರಿಲ್‌ನಲ್ಲಿ ನಾಲ್ಕನೆಯ ಸುತ್ತು ಅಂತ ಸಾರಿದರು. ಅದೇ ಬೇಸಿಗೆಯಲ್ಲಿ ಲಕ್ಷದ್ವೀಪದ ಗಟ್ಟಿ ಹವಳಗಳು ಭಾರಿ ಪ್ರಮಾಣದಲ್ಲಿ ಬಿಳುಚಿವೆ ಅಂತ ಕೇಂದ್ರದ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ತಿಳಿಸಿದರು. ಅಲ್ಲಿ ಎಲ್ಲಿಂದ ಹತ್ತಿತು ಅಂತ ನನ್ನನ್ನು ಯಾರೂ ಕೇಳಬೇಕಾಗಿಲ್ಲ. ಎಲ್ಲ ಕಡೆಯಿಂದ ಒಟ್ಟಿಗೆ ಹತ್ತಿದೆ, ಅಂದರೆ ನೀರಿನದೇ ಕಾಯಿಲೆ.

ಈಗ ಅಳಿಯನ ತೊಟ್ಟಿಯಲ್ಲಿ ಹವಳ ಬೆಳೆಯತೊಡಗಿ ಸುಣ್ಣ ಸಾಲುತ್ತಿಲ್ಲ. ಪುಸ್ತಕದಲ್ಲಿ ಕ್ಷಾರ ದಿನದಿನಕ್ಕೂ ಚೂರುಚೂರು ಇಳಿಯುತ್ತಿದೆ. ಬೆಳವಣಿಗೆಯ ಲಕ್ಷಣ, ಹೆದರಬೇಕಿಲ್ಲ. ಸುಣ್ಣದ ತಿಳಿನೀರು ಬಿಡುವುದು ತೊಟ್ಟಿಯವರ ಹಳೆಯ ಪ್ರಯೋಗ. ಆವಿಯಾದ ನೀರಿನ ಬದಲಿಗೆ ಅದನ್ನೇ ತುಂಬಿದರೆ ಕ್ಯಾಲ್ಸಿಯಂ, ಕ್ಷಾರ ಎರಡೂ ಜೊತೆಯಲ್ಲಿ ಸೇರುತ್ತವೆ. ಹೋದ ವಾರ ಈ ಮಾತು ನಡೆಯುತ್ತಿದ್ದಾಗ ಎಲೆಗೆ ಸುಣ್ಣ ಹಚ್ಚುತ್ತಿದ್ದ ನಮ್ಮ ಮನೆಯವಳು, "ಇದ್ನೇ ಒಂದ್ ಡಬ್ಬಿ ಕಳಿಸ್ಲಾ?" ಅಂದಳು. ಬೇಡ, ಸುಣ್ಣದ ಗೂಡಿನಿಂದ ಬಂದದ್ದರಲ್ಲಿ ಏನೇನು ಕಲ್ಮಶ ಇರುತ್ತದೋ; ಶುದ್ಧವಾದ ಅಡುಗೆ ದರ್ಜೆಯದು ಅಲ್ಲೇ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಅಳಿಯನಿಗೆ ಹೇಳಿದ್ದು ಇಷ್ಟು: ಕದಡಿದ ನೀರು ಹಾಕಬೇಡ, ತಳ ಕೂತ ಮೇಲೆ ತಿಳಿಯನ್ನು ಮಾತ್ರ ತೆಗಿ. ಪಿಎಚ್ 12ರ ಮೇಲಿರುತ್ತದೆ, ಕೈಗೆ ಗ್ಲೌಸ್ ಹಾಕು. ಕತ್ತಲೆಯಲ್ಲಿ ತೊಟ್ಟಿಯ ಪಿಎಚ್ ತಾನಾಗಿ ಇಳಿಯುತ್ತದೆ, ಆದ್ದರಿಂದ ದೀಪ ಆರಿದ ಮೇಲೆ ಹನಿಹನಿಯಾಗಿ ಬಿಡು. ಮೊದಲ ವಾರ ಅರ್ಧ ಪ್ರಮಾಣ, ದಿನಾ ಒಂದೇ ಹೊತ್ತಿಗೆ ಕ್ಷಾರ ನೋಡಿ ಪುಸ್ತಕಕ್ಕೆ ಬರಿ. ಅವನು ಇದನ್ನೆಲ್ಲ ಮಾಡುವ ಒಂದು ಯಂತ್ರ ಬಂದಿದೆ ಮಾವ ಅಂದ. ಎಷ್ಟು ಅಂತ ಕೇಳಿದ್ದಕ್ಕೆ ರೂಪಾಯಿಯಲ್ಲಿ ಹೇಳದೆ ಡಾಲರಿನಲ್ಲಿ ಹೇಳಿದ. ನಾನು ಸೊಸೆಗೆ ಫೋನ್ ಕೊಡು ಅಂದೆ.